ಹಳೆ ಕಾರಿಗೆ ಬಿಚ್ಚಿ ಹಾಕುವ ಕಾರ್ಪೆಟ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾರಿನ ನೆಲಹಾಸಿನ ಕುರಿತೇ ಇವೆ. ಮಳೆಗಾಲ ಮುಗಿದು, ಬಾಗಿಲು ತೆರೆದರೆ ಸಾಕು ಮುಗ್ಗಲು ವಾಸನೆ ಮೂಗಿಗೆ ಬಡಿಯುವ ಹೊತ್ತು ಇದು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನದು 1978ರ ಪ್ರೀಮಿಯರ್ ಪದ್ಮಿನಿ. ಮುಂದೆ ಉದ್ದ ಸೀಟು, ಸ್ಟಿಯರಿಂಗ್ ಪಕ್ಕದಲ್ಲೇ ಗೇರ್. ಹಿಂದಿನ ಮಾಲೀಕರು ನೆಲಕ್ಕೆಲ್ಲ ಸೊಲ್ಯೂಷನ್ ಬಳಿದು ಕಾರ್ಪೆಟ್ ಅಂಟಿಸಿದ್ದಾರೆ. ಜೂನ್‌ನಲ್ಲಿ ನೆಂದದ್ದು ಅಕ್ಟೋಬರ್ ಆದರೂ ಒಣಗಿಲ್ಲ. ಕುಷನ್ ಅಂಗಡಿಯವರು "ಕಿತ್ತು ಹೊಸದು ಅಂಟಿಸಿ ಕೊಡ್ತೀವಿ ಬಿಡಿ" ಅನ್ನುತ್ತಾರೆ. ಬೇಕೆಂದಾಗ ಬಿಚ್ಚಿ ತೆಗೆಯುವ ಹಾಗೆ ಮಾಡಿಸಬಹುದೇ? ಎಲ್ಲಿಂದ ಶುರು ಮಾಡಲಿ? (ತೀರ್ಥಹಳ್ಳಿಯ ಓದುಗರು)

ಉತ್ತರ: ಮಾಡಿಸಬಹುದು ಅಲ್ಲ, ಮಾಡಿಸಲೇಬೇಕು. ನಿಮ್ಮ ಸೀಮೆಯ ಮಳೆಗೆ ಅಂಟಿಸಿದ ಕಾರ್ಪೆಟ್ ಎಂದರೆ ತಗಡಿಗೆ ಒದ್ದೆ ಕಂಬಳಿ ಹೊದಿಸಿದ ಹಾಗೆ. ಜೀಪಿಗೋ ಲಾರಿಗೋ ಇರುವಂಥ ಪ್ರತ್ಯೇಕ ಚಾಸಿ, ಅಂದರೆ ಅಡಿಯ ಚೌಕಟ್ಟು, ಪದ್ಮಿನಿಗಿಲ್ಲ. ನೆಲದ ತಗಡು, ಎರಡೂ ಬದಿಯ ಸಿಲ್‌ಗಳು (ಬಾಗಿಲ ಅಡಿಯ ಉದ್ದ ತೊಲೆಗಳು), ನಡುವಿನ ಟನಲ್ (ನೆಲದ ಮಧ್ಯದ ಉದ್ದ ಉಬ್ಬು) ಇವೆಲ್ಲ ಸೇರಿಯೇ ಬಾಡಿಯ ಬಲ. ಅಂಬಾಸಿಡರ್‌ದೂ ಇದೇ ಕಥೆ. ಹಾಗಾಗಿ ನೆಲ ತುಕ್ಕು ಹಿಡಿಯಿತೆಂದರೆ ಬರೀ ತೂತು ಬಿತ್ತು ಅಂತಲ್ಲ, ಬಾಗಿಲು ಸರಿಯಾಗಿ ಕೂರದಿರುವುದೂ ಅಲ್ಲಿಂದಲೇ ಶುರುವಾಗುತ್ತದೆ. ಕಾರ್ಪೆಟ್ ಬಿಚ್ಚುವಂತಿರಬೇಕು ಅನ್ನುವುದು ಕಾರ್ಪೆಟ್ಟಿನ ಸಲುವಾಗಿ ಅಲ್ಲ, ನೆಲ ನಿಮ್ಮ ಕಣ್ಣಿಗೆ ಆಗಾಗ ಬೀಳಬೇಕು ಎಂಬ ಸಲುವಾಗಿ.

ಮೊದಲು ಹಳೆಯದನ್ನು ಕೀಳಿ. ಸೀಟು, ಸಿಲ್ ಪಟ್ಟಿ, ಬಾಗಿಲ ಬೀಡಿಂಗ್ ಬಿಚ್ಚಿಕೊಂಡು ಒಂದು ಮೂಲೆಯಿಂದ ನಿಧಾನಕ್ಕೆ ಎಬ್ಬಿಸಿ. ಅಂಟು ಬಿಡದ ಕಡೆ ಹಾಟ್ ಏರ್ ಗನ್‌ನಿಂದ ಬಿಸಿ ಮಾಡಿ ಪಟ್ಟಿ ಚಾಕುವಿನಲ್ಲಿ ಕೆರೆಯಿರಿ. ಪೆಟ್ರೋಲ್ ಸುರಿದು ಅಂಟು ಕರಗಿಸುವ ಅಭ್ಯಾಸ ಹಲವು ಗ್ಯಾರೇಜುಗಳಲ್ಲಿದೆ. ಮುಚ್ಚಿದ ಕಾರಿನೊಳಗೆ ಅದು ಬೆಂಕಿಗೆ ಆಹ್ವಾನ. ಕಿತ್ತದ್ದನ್ನು ಎಸೆಯಬೇಡಿ. ಎಷ್ಟೇ ಕೊಳೆತಿದ್ದರೂ ತೂತು ಎಲ್ಲಿ, ಮಡಿಕೆ ಎಲ್ಲಿ ಎಂದು ಅದೇ ಹೇಳುತ್ತದೆ.

ನೆಲ ಬರಿದಾದ ಮೇಲೆ ಉದ್ದದ ಸ್ಕ್ರೂ ಡ್ರೈವರ್‌ನ ಹಿಡಿಕೆಯಿಂದ ಎಲ್ಲ ಕಡೆ ತಟ್ಟುತ್ತಾ ಬನ್ನಿ. ಗಟ್ಟಿ ತಗಡು ಠಣ್ ಅನ್ನುತ್ತದೆ, ತಿಂದುಹೋದದ್ದು ಡಬ್ ಅನ್ನುತ್ತದೆ. ಡಬ್ ಎಂದ ಕಡೆ ತುದಿಯಿಂದ ಒತ್ತಿ, ಒಳಗೆ ಹೋದರೆ ಅಲ್ಲಿಯವರೆಗೂ ಕತ್ತರಿಸಬೇಕು. ಹೆಚ್ಚಾಗಿ ಕೆಡುವುದು ಮೂರು ಜಾಗ: ಡ್ರೈವರ್ ಕಾಲಿನ ಅಡಿ, ಸೀಟಿನ ಬೋಲ್ಟುಗಳ ಸುತ್ತ, ನೆಲ ಸಿಲ್‌ಗೆ ಸೇರುವ ಅಂಚು. ತೂತಿನ ಮೇಲೆ ಫೈಬರ್ ಬಳಿದರೆ ಆರು ತಿಂಗಳು ಕಾಣದು, ಒಳಗೊಳಗೇ ತುಕ್ಕು ಬೆಳೆಯುತ್ತದೆ. 1.2 ಮಿ.ಮೀ. ಅಂದರೆ 18 ಗೇಜ್ ಸಿ.ಆರ್. (ಕೋಲ್ಡ್ ರೋಲ್ಡ್) ಉಕ್ಕಿನ ಶೀಟ್ ಕತ್ತರಿಸಿ ಬೆಸುಗೆ ಹಾಕಿಸಿ. ಉಳಿದ ಮೇಲ್ಮೈ ತುಕ್ಕಿಗೆ ವೈರ್ ಬ್ರಷ್, ಆಮೇಲೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಹೇಳಿದ್ದರೆ ತೊಳೆದು, ಪೂರ್ತಿ ಒಣಗಿಸಿ. ಅದರ ಮೇಲೆ ಎಪಾಕ್ಸಿ ಪ್ರೈಮರ್ ಎರಡು ಕೈ, ತಗಡಿನ ಜಾಯಿಂಟ್‌ಗಳಿಗೆ ಸೀಮ್ ಸೀಲರ್, ಕೊನೆಗೆ ಬಾಡಿ ಬಣ್ಣವೋ ಕಪ್ಪೋ ಒಂದು ಕೈ. ನೆಲದ ತೂತುಗಳ ರಬ್ಬರ್ ಬಿರಡೆಗಳು ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತವೆ. ಎಲ್ಲವನ್ನೂ ಬದಲಿಸಿ, ದುಡ್ಡು ಹೆಚ್ಚೇನಲ್ಲ.

ಇನ್ನು ವಿಂಗಡಣೆ. ನಿಂತಿರುವ, ಬಾಗಿರುವ ಜಾಗಕ್ಕೆ ಅಂಟು. ಮಲಗಿರುವ ಜಾಗಕ್ಕೆ ಒತ್ತಿದರೆ ಕೂರುವ, ಎತ್ತಿದರೆ ಬಿಡುವ ಬಟನ್. ಟನಲ್ ಮೇಲಿನ ತುಂಡು, ಸಿಲ್‌ನ ಒಳಗೋಡೆ, ಮುಂದೆ ಕಾಲಿನ ಪಕ್ಕದ ಗೋಡೆ ಇವುಗಳ ಮೇಲೆ ನೀರು ನಿಲ್ಲುವುದಿಲ್ಲ, ಅಂಟಿಸಿದರೆ ತೊಂದರೆಯಿಲ್ಲ. ನೆಲದ ನಾಲ್ಕು ತಗ್ಗುಗಳಿಗೆ, ಅಂದರೆ ಮುಂದೆ ಎರಡು ಹಿಂದೆ ಎರಡು, ಬಿಡಿ ತುಂಡು. ಟನಲ್ ತುಂಡನ್ನು ನೆಲಕ್ಕೆ ಮುಟ್ಟುವಲ್ಲಿಗೇ ಕತ್ತರಿಸಬೇಡಿ. ಎರಡೂ ಬದಿ 40 ಮಿ.ಮೀ. ನೆಲದ ಮೇಲೆ ಹರಡಿಕೊಳ್ಳಲಿ, ಆದರೆ ಆ 40 ಮಿ.ಮೀ.ಗೆ ಅಂಟು ಬೇಡ. ಬಿಡಿ ತುಂಡಿನ ಬೈಂಡಿಂಗ್ ಅಂಚು (ಸುತ್ತ ಹೊಲಿದ ರೆಕ್ಸಿನ್ ಪಟ್ಟಿ) ಅದರ ಮೇಲೆ ಬಂದು ಕೂತರೆ ಸಂದಿಯಲ್ಲಿ ತಗಡು ಕಾಣುವುದಿಲ್ಲ. ಟನಲ್‌ನಲ್ಲಿ ಗೇರ್ ಲಿವರ್‌ಗೆ ತೂತು ಬೇಕಿಲ್ಲ ಎನ್ನುವುದು ನಿಮ್ಮಂಥ ಕಾರಿನವರ ಪುಣ್ಯ.

ಅಳತೆಗೆ ಟೇಪ್ ಬೇಡ, ಕಾಗದ ಬೇಕು. ದಪ್ಪ ಬ್ರೌನ್ ಪೇಪರನ್ನು ನೆಲದ ಮೇಲೆ ಹಾಸಿ, ನಡುವಿನಿಂದ ಅಂಚಿಗೆ ಕೈಯಾಡಿಸುತ್ತಾ ಹೋಗಿ, ಮೂಲೆಯಲ್ಲಿ ಹೆಬ್ಬೆರಳ ಉಗುರಿನಿಂದ ಗೀರಿ. ಗೀರಿದ ಗೆರೆಯ ಮೇಲೆ ಕತ್ತರಿಸಿ, ಮತ್ತೆ ಹಾಸಿ ನೋಡಿ. ಕಡಿಮೆಯಾದರೆ ತುಂಡು ಕಾಗದ ಅಂಟಿಸಿ ಸರಿ ಮಾಡಿ. ಪ್ರತಿಯೊಂದರ ಮೇಲೂ 'ಮೇಲ್ಮೈ', 'ಮುಂದೆ', 'ಎಡ' ಅಥವಾ 'ಬಲ' ಎಂದು ಬರೆಯಿರಿ. ಇದನ್ನು ಬರೆಯದವರು ಮಾಡುವ ಎಡವಟ್ಟು ಯಾವಾಗಲೂ ಒಂದೇ: ಕಾರ್ಪೆಟ್ಟಿನ ಬೆನ್ನ ಮೇಲೆ ಗುರುತು ಹಾಕುವಾಗ ಕಾಗದವನ್ನು ಮಗುಚುವುದನ್ನು ಮರೆತು, ಎಡಗಡೆಯ ತುಂಡು ಎರಡು ಬಂದು ಬಲಗಡೆಯದು ಇಲ್ಲವಾಗುತ್ತದೆ. ಬೆನ್ನ ಮೇಲೆ ಗೆರೆ ಎಳೆಯುವಾಗ 'ಮೇಲ್ಮೈ' ಎಂಬ ಅಕ್ಷರ ಕೆಳಮುಖವಾಗಿರಬೇಕು. ಇನ್ನೊಂದು, ಎಳೆ ವಾಲುವ ದಿಕ್ಕು. ಕಾರ್ಪೆಟ್ ಮೇಲೆ ಕೈ ಸವರಿದರೆ ಒಂದು ಕಡೆಗೆ ನಯ, ಇನ್ನೊಂದು ಕಡೆಗೆ ಒರಟು. ಎಲ್ಲ ತುಂಡುಗಳ ನಯ ಒಂದೇ ಕಡೆ ಇರದಿದ್ದರೆ ಒಂದೇ ರೋಲಿನಿಂದ ಕತ್ತರಿಸಿದ್ದರೂ ಬಿಸಿಲಿನಲ್ಲಿ ಎರಡು ಬಣ್ಣ ಕಾಣುತ್ತದೆ.

ಪ್ರಶ್ನೆ: ಅಂಬಾಸಿಡರ್‌ಗೆ ಎಷ್ಟು ಕಾರ್ಪೆಟ್ ತರಬೇಕು? ಜೆ.ಸಿ. ರಸ್ತೆಯಲ್ಲಿ ಒಬ್ಬರು ಮೂರು ಮೀಟರ್ ಅಂದರು, ಇನ್ನೊಬ್ಬರು ಆರು. ಉಣ್ಣೆಯದ್ದು ಒಳ್ಳೆಯದೋ ನೈಲಾನೋ? (ಬೆಂಗಳೂರಿನ ಓದುಗರು)

ಉತ್ತರ: ಇಬ್ಬರೂ ಸರಿ ಇರಬಹುದು, ರೋಲಿನ ಅಗಲ ಎಷ್ಟೆಂದು ಕೇಳಿದಿರಾ? 2 ಮೀಟರ್ ಅಗಲದ ರೋಲಾದರೆ ಎರಡೂವರೆ ಮೀಟರ್ ಉದ್ದ ಸಾಕು, ಅಂದರೆ 5 ಚದರ ಮೀಟರ್. ನೆಲಕ್ಕೆ ಸುಮಾರು 3, ಟನಲ್ ಮತ್ತು ಪಕ್ಕಗಳಿಗೆ 1, ಎಳೆಯ ದಿಕ್ಕು ಕಾಯ್ದುಕೊಂಡು ಕತ್ತರಿಸುವಾಗ ಹಾಳಾಗುವುದು 1. ಡಿಕ್ಕಿಗೂ ಹಾಸುವುದಾದರೆ ಅದು ಬೇರೆ. ಆದರೂ ಕಾಗದದ ಪ್ಯಾಟರ್ನ್ ಎಲ್ಲವನ್ನೂ ಮನೆಯ ನೆಲದ ಮೇಲೆ 2 ಮೀಟರ್ ಅಗಲದೊಳಗೆ ಜೋಡಿಸಿ ಅಳೆದ ಮೇಲೆ ಅಂಗಡಿಗೆ ಹೋಗಿ.

ಬೈಂಡಿಂಗ್‌ನ ಲೆಕ್ಕ ಹೀಗೆ. ಮುಂದಿನ ತುಂಡು 50 ಸೆಂ.ಮೀ. ಅಗಲ, 80 ಸೆಂ.ಮೀ. ಉದ್ದ ಎಂದುಕೊಂಡರೆ ಸುತ್ತಳತೆ 2.6 ಮೀಟರ್, ಎರಡಕ್ಕೆ 5.2. ಹಿಂದಿನದು 50ಕ್ಕೆ 60 ಆದರೆ 2.2, ಎರಡಕ್ಕೆ 4.4. ಟನಲ್ ತುಂಡಿನ ಎರಡು ಉದ್ದಂಚು ಸೇರಿ ಸುಮಾರು 4 ಮೀಟರ್. ಒಟ್ಟು 13.6. ಮೂಲೆಯಲ್ಲಿ ತಿನ್ನುತ್ತದೆ, ಜಾಯಿಂಟ್ ಬರುತ್ತದೆ, 16 ಮೀಟರ್ ತನ್ನಿ.

ಇನ್ನು ಬಟ್ಟೆ. ಇಂಗ್ಲೆಂಡಿನ ದುಬಾರಿ ಹಳೆ ಕಾರುಗಳಲ್ಲಿ ಇದ್ದದ್ದು ವಿಲ್ಟನ್ ಎಂಬ ನೇಯ್ಗೆಯ ಉಣ್ಣೆ ಕಾರ್ಪೆಟ್. ನೋಟಕ್ಕೆ ಅದಕ್ಕೆ ಸಾಟಿಯಿಲ್ಲ. ಆದರೆ ತೇವ ಹೀರುತ್ತದೆ, ನುಸಿ ತಿನ್ನುತ್ತದೆ. ವರ್ಷಕ್ಕೆ ನಾಲ್ಕು ಸಲ ರ‍್ಯಾಲಿಗೆ ಹೊರತೆಗೆಯುವ ಕಾರಿಗೆ ಸರಿ. ವಾರಕ್ಕೊಮ್ಮೆಯಾದರೂ ಓಡುವ ಅಂಬಾಸಿಡರ್‌ಗೆ ನಮ್ಮ ಮತ ನೈಲಾನ್‌ಗೆ: ಕುಚ್ಚು ಕತ್ತರಿಸಿದ ಬಗೆ, 6ರಿಂದ 8 ಮಿ.ಮೀ. ದಪ್ಪ. ಸೀಟ್ ಕವರ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ, ಫೆಲ್ಟ್‌ನಂತೆ ಒತ್ತಿದ ಪಾಲಿಪ್ರೊಪಿಲೀನ್ ಕಾರ್ಪೆಟ್ ನೀರಿಗೆ ಹೆದರುವುದಿಲ್ಲ ನಿಜ, ಆದರೆ ಹಿಮ್ಮಡಿ ಊರುವ ಜಾಗದಲ್ಲಿ ಬೇಗ ಬೋಳಾಗುತ್ತದೆ, ಹಳೆ ಕಾರಿನೊಳಗೆ ಬಾಡಿಗೆ ಟ್ಯಾಕ್ಸಿಯ ಕಳೆ ತರುತ್ತದೆ. ಡಿಕ್ಕಿಗೆ ಅದೇ ಸಾಕು.

ಬೆನ್ನನ್ನೂ ನೋಡಿ ಕೊಳ್ಳಿ. ಸೆಣಬಿನ ಬೆನ್ನು ನೀರು ಬಿದ್ದರೆ ಕುಗ್ಗುತ್ತದೆ, ಒಣಗುವಾಗ ಅದರ ಕಂದು ಬಣ್ಣ ಮೇಲಿನ ಎಳೆಗೆ ಏರಿ ಕಲೆಯಾಗುತ್ತದೆ. ಫೋಮ್ ಅಂಟಿಸಿದ ಬೆನ್ನು ಸೈಲೆನ್ಸರ್ ಪೈಪಿನ ಕಾವಿಗೆ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ. ಸಿಂಥೆಟಿಕ್ ನೇಯ್ಗೆಯ ಬೆನ್ನು ಕೇಳಿ ಪಡೆಯಿರಿ.

ಪ್ರಶ್ನೆ: ಜಾಕೆಟ್ಟಿಗೆ ಹಾಕುವ ಟಿಚ್ ಬಟನ್‌ಗಳನ್ನೇ ತಂದು ಕಾರ್ಪೆಟ್ಟಿಗೆ ಹಾಕಿಸಿದೆ. ಒಂದು ವಾರಕ್ಕೆ ಅರ್ಧ ಕಿತ್ತು ಬಂದವು, ಉಳಿದವು ಕೂರುವುದೇ ಇಲ್ಲ. ವೆಲ್ಕ್ರೋ ಹಾಕಲೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಜಾಕೆಟ್ ಬಟನ್‌ನ ಕೊಳವೆ ಎರಡು ಮಡಿಕೆ ಬಟ್ಟೆಯನ್ನು ದಾಟುವಷ್ಟೇ ಉದ್ದ. 8 ಮಿ.ಮೀ. ಕಾರ್ಪೆಟ್ಟನ್ನು ಅದು ಹಿಡಿಯಲಾರದು. ಕಾರ್ಪೆಟ್ಟಿಗೆಂದೇ ಬರುವ ಬಟನ್ ಬೇರೆ. ಅದರಲ್ಲಿ ಮೂರು ಭಾಗ: ಮೇಲೆ ಕಾಣುವ ಹಲ್ಲುಳ್ಳ ಉಂಗುರ, ಕಾರ್ಪೆಟ್ಟಿನ ಬೆನ್ನಿಗೆ ಕೂರುವ ಸಾಕೆಟ್, ನೆಲಕ್ಕೆ ಸ್ಕ್ರೂ ಹಾಕುವ ಸ್ಟಡ್. ಉಂಗುರದ ಹಲ್ಲುಗಳು ಎಳೆಯ ನಡುವೆ ಇಳಿದು, ಬೆನ್ನು ದಾಟಿ, ಸಾಕೆಟ್‌ನ ಸೀಳುಗಳಲ್ಲಿ ಹೊರಬಂದು ಮಡಚಿಕೊಳ್ಳುತ್ತವೆ. ಹಳೆ ಕಾರಿನ ಬಿಡಿಭಾಗ ಮಾರುವವರ ಬಳಿ, ದೋಣಿಯ ಟಾರ್ಪಾಲ್ ಸಾಮಾನಿನವರ ಬಳಿ ಕೇಳಿ. ಹಿತ್ತಾಳೆಗೆ ನಿಕ್ಕಲ್ ಲೇಪಿಸಿದ್ದು ಅಥವಾ ಸ್ಟೇನ್‌ಲೆಸ್ ಇರಲಿ. ಬರೀ ಕಬ್ಬಿಣದ್ದು ಒಂದೇ ಮಳೆಗಾಲದಲ್ಲಿ ಕಚ್ಚಿಕೊಂಡು, ಎಳೆದರೆ ಕಾರ್ಪೆಟ್ ಸಮೇತ ಬರುತ್ತದೆ.

ಹಾಕುವ ಕ್ರಮ ಮುಖ್ಯ. ಮೊದಲು ನೆಲಕ್ಕೆ ಸ್ಟಡ್. ಡ್ರಿಲ್ ಮುಟ್ಟುವ ಮೊದಲು ಕಾರಿನ ಅಡಿಗೆ ಹೋಗಿ ನೋಡಿ: ಬ್ರೇಕ್ ಪೈಪು, ಪೆಟ್ರೋಲ್ ಪೈಪು, ವೈರಿಂಗ್ ಎಲ್ಲಿ ಹಾದಿವೆ ಎಂದು ಒಳಗಡೆ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಆ ಗೆರೆಗಳಿಂದ ನಾಲ್ಕು ಬೆರಳು ದೂರ ಉಳಿಯಿರಿ. ಡ್ರಿಲ್ ಬಿಟ್‌ಗೆ ತುದಿಯಿಂದ 6 ಮಿ.ಮೀ. ಬಿಟ್ಟು ಇನ್ಸುಲೇಷನ್ ಟೇಪ್ ಸುತ್ತಿ, ಅದಕ್ಕಿಂತ ಒಳಗೆ ಹೋಗಬಾರದು. 4.2 ಮಿ.ಮೀ. ಸೆಲ್ಫ್ ಟ್ಯಾಪಿಂಗ್ ಸ್ಕ್ರೂಗೆ 1 ಮಿ.ಮೀ. ತಗಡಿನಲ್ಲಿ 3.2 ಮಿ.ಮೀ. ತೂತು ಸರಿ. 12 ಮಿ.ಮೀ.ಗಿಂತ ಉದ್ದದ ಸ್ಕ್ರೂ ಬೇಡ. ತೂತಿನ ಅಂಚಿಗೆ ಪ್ರೈಮರ್ ಮುಟ್ಟಿಸಿ, ಸ್ಕ್ರೂಗೆ ಪಾಲಿಯುರೆಥೇನ್ ಸೀಲೆಂಟ್ ಹಚ್ಚಿ ಬಿಗಿಯಿರಿ. ಹುಳಿ ವಾಸನೆ ಬರುವ ಸಿಲಿಕೋನ್ ಮಾತ್ರ ಬೇಡ, ಅದು ಬಿಡುವ ಅಸಿಟಿಕ್ ಆಮ್ಲವೇ ತಗಡನ್ನು ತಿನ್ನುತ್ತದೆ.

ಎಲ್ಲ ಸ್ಟಡ್‌ಗಳನ್ನೂ ಒಟ್ಟಿಗೆ ಹಾಕಿ, ಎಲ್ಲ ಸಾಕೆಟ್‌ಗಳನ್ನೂ ಅಳತೆ ಹಿಡಿದು ಹಾಕಿದರೆ ಒಂದೂ ಸೇರುವುದಿಲ್ಲ. ಕಾರ್ಪೆಟ್ ನೆಲದ ಏರಿಳಿತಕ್ಕೆ ಕೂರುವಾಗ ಅಲ್ಲಿ 3 ಮಿ.ಮೀ., ಇಲ್ಲಿ 5 ಮಿ.ಮೀ. ಜರುಗುತ್ತದೆ. ಒಂದೊಂದಾಗಿ ಮಾಡಿ. ಮುಂದಿನ ಮೂಲೆಯ ಸ್ಟಡ್ ತಲೆಗೆ ಒದ್ದೆ ಸೀಮೆಸುಣ್ಣ ಉಜ್ಜಿ, ತುಂಡನ್ನು ಅದರ ಜಾಗದಲ್ಲಿ ಹಾಸಿ, ಮೇಲಿನಿಂದ ಅಂಗೈಯಲ್ಲಿ ಒತ್ತಿ. ಬೆನ್ನ ಮೇಲೆ ಬಿಳಿ ಚುಕ್ಕೆ ಮೂಡುತ್ತದೆ, ಸಾಕೆಟ್ ಅಲ್ಲಿಗೆ. ಅದನ್ನು ಸೇರಿಸಿ, ಕಾರ್ಪೆಟ್ ಎಳೆದು ಸರಿ ಮಾಡಿ, ಮುಂದಿನದಕ್ಕೆ ಹೋಗಿ. ತೂತು ಮಾಡಲು ದಬ್ಬಳ ಬಳಸಿ. ನೈಲಾನ್ ಆದರೆ ಕಾದ ಸೋಲ್ಡರಿಂಗ್ ಐರನ್ ಇನ್ನೂ ಒಳ್ಳೆಯದು, ಅಂಚು ಕರಗಿ ಎಳೆ ಬಿಡುವುದಿಲ್ಲ. ಕಿಟಕಿ ತೆರೆದಿಟ್ಟುಕೊಳ್ಳಿ. ಡ್ರಿಲ್ ಬಿಟ್ ಮಾತ್ರ ಕಾರ್ಪೆಟ್ಟಿಗೆ ತಾಗಿಸಲೇಬೇಡಿ. ಒಂದು ಎಳೆ ಬಿಟ್‌ಗೆ ಸುತ್ತಿಕೊಂಡರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಒಂದಡಿ ಉದ್ದದ ಸಾಲು ಕಿತ್ತು ಬಂದಿರುತ್ತದೆ, ಅದನ್ನು ಸರಿ ಮಾಡಲು ಆಗದು.

ಸರಿಯಾದ ಬಟನ್ ಹಾಕಿಯೂ ಕೂರದಿದ್ದರೆ ಕಾರಣ ಹೆಚ್ಚಾಗಿ ಅಡಿಹಾಸು, ಅಂದರೆ ಕಾರ್ಪೆಟ್ ಅಡಿಗೆ ಹಾಸಿದ ಫೆಲ್ಟ್. ಸ್ಟಡ್‌ನ ಎತ್ತರವನ್ನು ಫೆಲ್ಟೇ ನುಂಗಿರುತ್ತದೆ, ಸಾಕೆಟ್ ಅದರ ತಲೆಯನ್ನು ಮುಟ್ಟುವುದೇ ಇಲ್ಲ. ಪ್ರತಿ ಸ್ಟಡ್ ಸುತ್ತ ಅಡಿಹಾಸಿನಲ್ಲಿ 40 ಮಿ.ಮೀ. ಅಗಲದ ದುಂಡನೆ ತೂತು ಕತ್ತರಿಸಿ. ಅದಾದ ಮೇಲೂ ಕೂರದಿದ್ದರೆ ಸಾಕೆಟ್ ನೋಡಿ: ಉಂಗುರದ ಹಲ್ಲು ಮಡಚಲು ಸುತ್ತಿಗೆಯಿಂದ ಜೋರಾಗಿ ಹೊಡೆದಿದ್ದರೆ ಒಳಗಿನ ಸ್ಪ್ರಿಂಗ್ ಚಪ್ಪಟೆಯಾಗಿರುತ್ತದೆ. ಹಲ್ಲುಗಳನ್ನು ಇಕ್ಕಳದಿಂದ ಒಂದೊಂದಾಗಿ ಮಡಚಬೇಕು. ತಗಡಿನ ಉಬ್ಬುಗೆರೆಯ ಇಳಿಜಾರಿನಲ್ಲಿ ಸ್ಟಡ್ ಹಾಕಿದ್ದರೆ ಅದು ವಾಲಿಕೊಂಡು ಒಂದೇ ಬದಿ ಹಿಡಿಯುತ್ತದೆ, ಸಮತಟ್ಟಾದ ಕಡೆ ಸರಿಸಿ.

ಎಷ್ಟು ಬೇಕು? ಡ್ರೈವರ್ ಬದಿ 4, ಪಕ್ಕದ್ದಕ್ಕೆ 3, ಹಿಂದಿನವಕ್ಕೆ ತಲಾ 2 ಅಥವಾ 3. ಒಟ್ಟು 13 ಎಂದರೆ 20 ತನ್ನಿ, ಹಾಕುವಾಗ ನಾಲ್ಕೈದು ಹಾಳಾಗುವುದು ಮಾಮೂಲು. ಪೆಡಲ್‌ಗಳ ಅಡಿಯ ಇಳಿಜಾರಿನಲ್ಲಿ, ಕಾಲಿನ ಎಳೆತ ಹೆಚ್ಚಿರುವ ಕಡೆ, ಲಿಫ್ಟ್ ದ ಡಾಟ್ ಎಂಬ ಬಗೆಯದು ಸಿಕ್ಕರೆ ಅದನ್ನೇ ಹಾಕಿ. ಅದು ಮೂರು ಬದಿಯಿಂದ ಎಳೆದರೆ ಬಿಡುವುದಿಲ್ಲ, ಚುಕ್ಕೆ ಇರುವ ನಾಲ್ಕನೆಯ ಬದಿಯಿಂದ ಎತ್ತಿದರೆ ಮಾತ್ರ ಬಿಡುತ್ತದೆ. ಚುಕ್ಕೆಯ ಬದಿ ಕಾಲು ಎಳೆಯುವ ದಿಕ್ಕಿಗೆ ಬಾರದಂತೆ ಕೂರಿಸಿ.

ವೆಲ್ಕ್ರೋ ಪಕ್ಕದ ಗೋಡೆಗಳಿಗೆ ಆದೀತು, ನೆಲಕ್ಕೆ ಬೇಡ. ಅದರ ಹಿಂದಿನ ಅಂಟು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಮೆತ್ತಗಾಗಿ ಜಾರುತ್ತದೆ. ಮೇಲಾಗಿ ನಿಮ್ಮ ಕಡೆಯ ಕಪ್ಪು ಮಣ್ಣಿನ ಧೂಳು ಕೊಕ್ಕೆಗಳೊಳಗೆ ತುಂಬಿಕೊಂಡರೆ ಹಿಡಿತವೇ ಇರುವುದಿಲ್ಲ.

ಪ್ರಶ್ನೆ: ಅಪ್ಪನ ಕಾಲದ ಮಾರಿಸ್ ಮೈನರ್ ಇದೆ. ಕ್ಲಚ್, ಬ್ರೇಕ್ ಪೆಡಲ್ ನೆಲದಿಂದಲೇ ಮೇಲೆದ್ದು ಬರುತ್ತವೆ. ಪೆಡಲ್ ಬಿಚ್ಚದೆ ಕಾರ್ಪೆಟ್ ತೆಗೆಯುವುದು ಹೇಗೆ? (ಮೈಸೂರಿನ ಓದುಗರು)

ಉತ್ತರ: ಮೈನರ್‌ನಲ್ಲಿ ಬ್ರೇಕ್ ಆಯಿಲ್ ತುಂಬುವ ಮಾಸ್ಟರ್ ಸಿಲಿಂಡರ್ ಇರುವುದು ಡ್ರೈವರ್ ಕಾಲಿನ ಅಡಿ, ಉದ್ದ ತೊಲೆಯ ಒಳಗೆ. ಆಯಿಲ್ ಮಟ್ಟ ನೋಡಬೇಕಾದರೂ ನೆಲದ ಮುಚ್ಚಳ ತೆಗೆಯಬೇಕು. ಕಾರ್ಪೆಟ್ ಅಂಟಿಸಿದ ಮೈನರ್‌ನಲ್ಲಿ ಬ್ರೇಕ್ ಆಯಿಲ್ ಯಾರೂ ನೋಡುವುದಿಲ್ಲ, ಅದೇ ಅಪಾಯ. ಹಾಗಾಗಿ ನಿಮಗೆ ಬಿಚ್ಚುವ ಕಾರ್ಪೆಟ್ ಶೋಕಿಯಲ್ಲ.

ಪೆಡಲ್‌ಗಳಿಗೆ ದುಂಡು ತೂತು ಕತ್ತರಿಸಬೇಡಿ. ತುಂಡಿನ ಮುಂದಂಚಿನಿಂದ ಒಳಕ್ಕೆ ಎರಡು ಉದ್ದ ಸೀಳು ಕೊಡಿ, ಬಾಚಣಿಗೆಯ ಹಲ್ಲಿನಂತೆ ಮುಂದೆ ತೆರೆದಿರಲಿ. ಪೆಡಲ್ ಪೂರ್ತಿ ಒತ್ತಿದಾಗಲೂ ಪೂರ್ತಿ ಬಿಟ್ಟಾಗಲೂ ಅದರ ಕೋಲು ಎಲ್ಲಿರುತ್ತದೆ ಎಂದು ಕಾಗದದ ಮೇಲೆಯೇ ಗುರುತು ಹಾಕಿ, ಸುತ್ತಲೂ 15 ಮಿ.ಮೀ. ಬಿಡುವು ಕೊಡಿ. ಸೀಳಿನ ಒಳಮೂಲೆಯಲ್ಲಿ ಬೈಂಡಿಂಗ್ ಹೊಲಿಯುವುದೇ ಕಷ್ಟದ ಕೆಲಸ. ಮೂಲೆಯನ್ನು ಚೂಪಾಗಿ ಬಿಡದೆ ದುಂಡಗೆ ಮಾಡಿ, ಬೈಂಡಿಂಗ್ ಪಟ್ಟಿಯ ಅಂಚಿಗೆ 5 ಮಿ.ಮೀ.ಗೊಂದು ಕತ್ತರಿ ಕಚ್ಚು ಕೊಟ್ಟರೆ ಅದು ತಿರುವಿಗೆ ಬಾಗುತ್ತದೆ. ಎರಡು ಸೀಳಿನ ನಡುವಿನ ನಾಲಿಗೆಯ ತುದಿಗೆ ಒಂದು ಬಟನ್ ಕಡ್ಡಾಯ. ಇಲ್ಲದಿದ್ದರೆ ಅದು ಎದ್ದು ಬ್ರೇಕ್ ಪೆಡಲ್‌ನ ಹಿಂದೆ ಸೇರಿಕೊಳ್ಳುತ್ತದೆ.

ಹೆಡ್‌ಲೈಟ್ ಡಿಮ್ ಮಾಡುವ ಕಾಲಿನ ಸ್ವಿಚ್ಚಿಗೂ ಬಿಡುವು ಬೇಕು. ಅಲ್ಲಿ ಕಾರ್ಪೆಟ್ ಒತ್ತಿಕೊಂಡಿದ್ದರೆ ಸ್ವಿಚ್ ಪೂರ್ತಿ ಮೇಲೆ ಬರುವುದಿಲ್ಲ. ಗೇರ್‌ಬಾಕ್ಸ್ ಮೇಲಿನ ತಗಡು ಬಿಚ್ಚುವಂಥದ್ದು. ಅದರ ಮೇಲಿನ ಕಾರ್ಪೆಟ್ ಅಂಟಿಸುವುದಾದರೆ ಸ್ಕ್ರೂಗಳ ಸಾಲು ಮುಚ್ಚಿಹೋಗದಂತೆ ಒಳಗೇ ನಿಲ್ಲಿಸಿ.

ಕೆಲಸ ಮುಗಿದ ಮೇಲೆ ಯಾವ ಕಾರೇ ಆಗಲಿ ಈ ಪರೀಕ್ಷೆ ಆಗಬೇಕು: ಎಂಜಿನ್ ನಿಲ್ಲಿಸಿ, ಆಕ್ಸಿಲರೇಟರ್ ನೆಲ ಮುಟ್ಟುವವರೆಗೆ ಒತ್ತಿ, ಕಾರ್ಪೆಟ್ಟನ್ನು ಕೈಯಿಂದ ಮುಂದಕ್ಕೆ ತಳ್ಳಿ, ಪೆಡಲ್ ಬಿಡಿ. ತಾನಾಗಿ ಪೂರ್ತಿ ಮೇಲೆ ಬರಬೇಕು. ಹತ್ತು ಸಲ ಮಾಡಿ. 2009ರಲ್ಲಿ ಟೊಯೊಟಾ ಅಮೆರಿಕದಲ್ಲಿ ಸುಮಾರು 38 ಲಕ್ಷ ಕಾರುಗಳ ಮಾಲೀಕರಿಗೆ ಮ್ಯಾಟ್ ತೆಗೆದಿಡಿ ಎಂದು ಹೇಳಬೇಕಾಗಿ ಬಂದದ್ದು, ಜರುಗಿದ ಮ್ಯಾಟ್ ಆಕ್ಸಿಲರೇಟರನ್ನು ಹಿಡಿದುಬಿಡಬಹುದು ಎಂಬ ಕಾರಣಕ್ಕೇ. ಬಟನ್ ಹಾಕಿದ ಕಾರ್ಪೆಟ್ಟಿನ ಮೇಲೆ ಮತ್ತೊಂದು ಬಿಡಿ ರಬ್ಬರ್ ಮ್ಯಾಟ್ ಹಾಸುವವರಿಗೂ ಈ ಮಾತು. ಹಿಮ್ಮಡಿ ಊರುವಲ್ಲಿ ಸವೆಯುತ್ತದೆ ಎನಿಸಿದರೆ 20 ಸೆಂ.ಮೀ.ಗೆ 30 ಸೆಂ.ಮೀ. ರಬ್ಬರ್ ತುಂಡನ್ನು ಕಾರ್ಪೆಟ್ಟಿಗೇ ಹೊಲಿಸಿಬಿಡಿ.

ಪ್ರಶ್ನೆ: ಅಂಚು ಮನೆಯ ಹೊಲಿಗೆ ಮಷಿನ್‌ನಲ್ಲಿ ಹೊಲಿಯಬಹುದೇ? (ದಾವಣಗೆರೆಯ ಓದುಗರು)

ಉತ್ತರ: ಆಗದು, ಸೂಜಿ ಮುರಿಯುತ್ತದೆ. ಸೀಟ್ ಕವರ್ ಅಥವಾ ಟಾರ್ಪಾಲ್ ಹೊಲಿಯುವವರ ಬಳಿ ಇರುವ, ಮೇಲಿನ ಪಾದವೂ ಬಟ್ಟೆಯ ಜೊತೆ ನಡೆಯುವ ಮಷಿನ್ ಬೇಕು. ದಾರ ಪಾಲಿಯೆಸ್ಟರ್ ಅಥವಾ ನೈಲಾನ್ ಇರಲಿ. ಹತ್ತಿ ದಾರ ತೇವಕ್ಕೆ ಕೊಳೆತು, ಕಾರ್ಪೆಟ್ ಚೆನ್ನಾಗಿರುವಾಗಲೇ ಬೈಂಡಿಂಗ್ ಬಿಡುತ್ತದೆ. ಹೊಲಿಗೆ 4ರಿಂದ 5 ಮಿ.ಮೀ. ಉದ್ದ. ಅದಕ್ಕಿಂತ ಚಿಕ್ಕದಾದರೆ ರೆಕ್ಸಿನ್ ಅಂಚೆಚೀಟಿಯ ಹಾಗೆ ಸಾಲಾಗಿ ಹರಿಯುತ್ತದೆ. 40 ಮಿ.ಮೀ. ಪಟ್ಟಿಯನ್ನು ಮುಖಕ್ಕೆ ಮುಖ ಕೊಟ್ಟು ಅಂಚಿನಿಂದ 8 ಮಿ.ಮೀ. ಒಳಗೆ ಹೊಲಿದು, ಬೆನ್ನಿಗೆ ಮಡಚಿ, ಪಟ್ಟಿ ಮತ್ತು ಎಳೆ ಸೇರುವ ಸಂದಿಯಲ್ಲಿಯೇ ಎರಡನೆಯ ಹೊಲಿಗೆ ಹಾಕಲು ಹೇಳಿ, ದಾರ ಎಳೆಯೊಳಗೆ ಹುದುಗಿ ಕಾಣಿಸುವುದಿಲ್ಲ. ಹೊರಮೂಲೆಗಳನ್ನು ಟೀ ಲೋಟದ ಬಾಯಿ ಇಟ್ಟು ದುಂಡಗೆ ಮಾಡಿಸಿ. ಚೌಕ ಮೂಲೆಗಳು ದಪ್ಪ ಗಂಟಾಗಿ ಕಾಲಿಗೆ ತಾಗುತ್ತವೆ.

ಪ್ರಶ್ನೆ: ಕರಾವಳಿಯಲ್ಲಿದ್ದೇವೆ. ಕಾರ್ಪೆಟ್ ಅಡಿಗೆ ಫೆಲ್ಟ್ ಹಾಕಿದರೆ ಶಬ್ದ ಕಡಿಮೆ ಅನ್ನುತ್ತಾರೆ, ನೀರು ಕುಡಿಯುತ್ತದೆ ಅಂತಲೂ ಅನ್ನುತ್ತಾರೆ. ಏನು ಮಾಡೋಣ? (ಕುಂದಾಪುರದ ಓದುಗರು)

ಉತ್ತರ: ಎರಡೂ ನಿಜ. ಉಪ್ಪುಗಾಳಿ ಇರುವಲ್ಲಿ ಸೆಣಬಿನ ಫೆಲ್ಟ್ ಬೇಡವೇ ಬೇಡ. ಬೇಕಿರುವುದು ಎರಡು ಪದರ, ಎರಡರ ಕೆಲಸ ಬೇರೆ. ತಗಡು ನಡುಗುವ ಸದ್ದಿಗೆ 2 ಮಿ.ಮೀ. ಬ್ಯುಟೈಲ್ ರಬ್ಬರ್ ಶೀಟ್, ಮೇಲೆ ಅಲ್ಯೂಮಿನಿಯಂ ಹಾಳೆ ಇರುವಂಥದ್ದು. ಇಡೀ ನೆಲಕ್ಕೆ ಅಂಟಿಸಬೇಕಾಗಿಲ್ಲ. ಸಮತಟ್ಟಾದ ಭಾಗಗಳ ನಡುವಿಗೆ, ಒಟ್ಟು ನೆಲದ ಮೂರನೇ ಒಂದು ಭಾಗಕ್ಕೆ ಅಂಟಿಸಿದರೂ ಗುಂಯ್‌ಗುಡುವುದು ನಿಲ್ಲುತ್ತದೆ. ತಗಡಿನ ಜಾಯಿಂಟ್, ಬಿರಡೆ, ಬೋಲ್ಟ್‌ಗಳನ್ನು ಮುಚ್ಚದೆ ಬಿಡಿ. ಅದರ ಮೇಲೆ ಕಾರ್ಪೆಟ್ ಮೆತ್ತಗಿರಲು 5 ಮಿ.ಮೀ. ಮುಚ್ಚಿದ ಕಣಗಳ ಫೋಮ್, ಇದು ನೀರು ಹೀರುವುದಿಲ್ಲ. ಯಾವ ಫೋಮ್ ಎಂದು ಅಂಗಡಿಯವರಿಗೆ ತಿಳಿಯದಿದ್ದರೆ ಚೂರೊಂದನ್ನು ನೀರಿನಲ್ಲಿ ಅದ್ದಿ ಹಿಂಡಿ ನೋಡಿ: ನೀರು ಬಂದರೆ ಅದು ಸ್ಪಂಜು, ವಾಪಸ್ ಕೊಡಿ. ಈ ಫೋಮ್ ಅನ್ನು ನೆಲಕ್ಕೂ ಅಂಟಿಸಬೇಡಿ, ಕಾರ್ಪೆಟ್ಟಿಗೂ ಅಂಟಿಸಬೇಡಿ. ನೀರು ಸೇರಿದರೆ ಫೋಮ್ ಅಡಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಎತ್ತಿ ಒರೆಸಲು ಬರಬೇಕು.

ಒಂದು ಮಾತು: ಸೀಟ್ ರೈಲಿನ ಅಡಿಗಾಗಲಿ ಸೀಟ್ ಬೆಲ್ಟ್ ಬೋಲ್ಟಿನ ವಾಷರ್ ಅಡಿಗಾಗಲಿ ಕಾರ್ಪೆಟ್, ಫೋಮ್ ಏನೂ ಸಿಗಬಾರದು. ಮೆತ್ತನೆಯದರ ಮೇಲೆ ಬಿಗಿದ ಬೋಲ್ಟ್ ದಿನ ಕಳೆದಂತೆ ಸಡಿಲವಾಗುತ್ತದೆ.

ಪ್ರಶ್ನೆ: ಎಂ.ಜಿ. ಟಿ.ಡಿ. ಎಂಬ ಹಳೆ ಸ್ಪೋರ್ಟ್ಸ್ ಕಾರಿನ ನೆಲ ಮರದ ಹಲಗೆ. ಸ್ಟಡ್ ಹೇಗೆ? (ಮಡಿಕೇರಿಯ ಓದುಗರು)

ಉತ್ತರ: ಮರದ ಸ್ಕ್ರೂ ಇರುವ ಸ್ಟಡ್ ಹಾಕಿ, ಮೊದಲು ಸಣ್ಣ ತೂತು ಕೊರೆದು ಅದರೊಳಗೆ ವಾರ್ನಿಷ್ ತೊಟ್ಟಿಕ್ಕಿಸಿ. ಹಲಗೆ ಬದಲಿಸುವುದಿದ್ದರೆ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ತನ್ನಿ. ಕತ್ತರಿಸಿದ ಅಂಚುಗಳಿಗೆ ಮೂರು ಕೈ ವಾರ್ನಿಷ್, ಪ್ಲೈ ನೀರು ಕುಡಿಯುವುದು ಅಂಚಿನಿಂದಲೇ. ಮೇಲ್ಛಾವಣಿ ಮಡಚುವ ಕಾರಾದ್ದರಿಂದ ಅಡಿಹಾಸು ಆದಷ್ಟು ತೆಳ್ಳಗಿರಲಿ, ಅಡಿಹಾಸೇ ಇಲ್ಲದಿದ್ದರೂ ನಡೆಯುತ್ತದೆ.

ಪ್ರಶ್ನೆ: ಕಾರ್ಪೆಟ್ ಎತ್ತಿ ನೋಡಿದಾಗೆಲ್ಲ ಡ್ರೈವರ್ ಬದಿ ಒದ್ದೆ. ನೀರು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುತ್ತಿಲ್ಲ. (ಶಿರಸಿಯ ಓದುಗರು)

ಉತ್ತರ: ಮೊದಲು ಅದು ನೀರೇ ಹೌದೋ ಎಂದು ನೋಡಿ. ಮಳೆಯಿಲ್ಲದ ದಿನವೂ ಒದ್ದೆ, ಮುಟ್ಟಿದರೆ ಬೆರಳು ಜಾರುತ್ತದೆ, ಅಲ್ಲಿ ನೆಲದ ಬಣ್ಣ ಗುಳ್ಳೆಯೆದ್ದಿದೆ ಅಂದರೆ ಅದು ಬ್ರೇಕ್ ಅಥವಾ ಕ್ಲಚ್‌ನ ಆಯಿಲ್. ಪೆಡಲ್ ಮೇಲ್ಗಡೆಯ ಸಿಲಿಂಡರ್ ಸೋರುತ್ತಿದೆ ಎಂದರ್ಥ, ಕಾರು ಹೊರಗೆ ತೆಗೆಯದೆ ಮೆಕ್ಯಾನಿಕ್‌ನನ್ನು ಕರೆಸಿ.

ನೀರೇ ಆಗಿದ್ದರೆ ಕಾರ್ಪೆಟ್ ಪೂರ್ತಿ ತೆಗೆದು ನೆಲ ಒರೆಸಿ, ಒಣ ದಿನಪತ್ರಿಕೆ ಹಾಸಿ. ಒಳಗೊಬ್ಬರು ಟಾರ್ಚ್ ಹಿಡಿದು ಕೂರಲಿ, ಹೊರಗಿನವರು ಪೈಪಿನಿಂದ ನೀರು ಬಿಡಲಿ, ಕೆಳಗಿನಿಂದ ಮೇಲಕ್ಕೆ. ಮೊದಲು ಬಾಗಿಲ ಬುಡ, ಐದು ನಿಮಿಷ ಬಿಟ್ಟು ಕಿಟಕಿ ಮಟ್ಟ, ಕೊನೆಗೆ ಮುಂದಿನ ಗಾಜಿನ ರಬ್ಬರ್. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆಯೂ ಇಳಿದು ಯಾವುದು ಕಳ್ಳ ಎಂದು ಗೊತ್ತಾಗುವುದಿಲ್ಲ.

ಎಲ್ಲರೂ ಗಾಜಿನ ರಬ್ಬರನ್ನೇ ಬೈಯುತ್ತಾರೆ, ಆದರೆ ಬಾಗಿಲನ್ನೂ ಅನುಮಾನಿಸಿ. ಕಿಟಕಿ ಗಾಜಿನ ಪಕ್ಕದಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜ, ಬುಡದ ಸಣ್ಣ ಸೀಳುಗಳಿಂದ ಅದು ಹೊರಹೋಗಬೇಕು. ಆ ಸೀಳು ಮಣ್ಣಿನಿಂದಲೋ ಬಣ್ಣದಿಂದಲೋ ಮುಚ್ಚಿದ್ದರೆ ನೀರು ಬಾಗಿಲೊಳಗೆ ತುಂಬಿ, ಪ್ಯಾಡ್‌ನ ಅಡಿಯಿಂದ ಒಳಕ್ಕೆ ಸೋರುತ್ತದೆ. ತಂತಿ ಹಾಕಿ ಬಿಡಿಸಿ. ಬಾಗಿಲ ಪ್ಯಾಡ್ ಹಿಂದೆ ಪ್ಲಾಸ್ಟಿಕ್ ಹಾಳೆ ಇದೆಯೇ ನೋಡಿ. ಪವರ್ ವಿಂಡೋ, ಸ್ಪೀಕರ್ ಹಾಕಿದವರು ಅದನ್ನು ಹರಿದು ಹಾಗೇ ಬಿಟ್ಟಿರುತ್ತಾರೆ. ಆಮೇಲೆ ಎಂಜಿನ್ ಕಡೆಯ ಗೋಡೆಯಲ್ಲಿ ವೈರ್, ಸ್ಪೀಡೋಮೀಟರ್ ಕೇಬಲ್ ಹಾಯುವ ತೂತುಗಳ ರಬ್ಬರ್. ಒಣಗಿ ಬಿರಿದಿದ್ದರೆ ನೀರು ಕೇಬಲ್ ಹಿಡಿದುಕೊಂಡೇ ಒಳಗಿಳಿಯುತ್ತದೆ.

ಪ್ರಶ್ನೆ: 1965ರ ಕಾರಿಗೆ ವಿಂಟೇಜ್ ನೋಂದಣಿ ಮಾಡಿಸುತ್ತಿದ್ದೇನೆ. ಕಾರ್ಪೆಟ್ ಬದಲಿಸಿದರೆ ತೊಂದರೆಯೇ? (ಬೆಳಗಾವಿಯ ಓದುಗರು)

ಉತ್ತರ: ಇಲ್ಲ. 2021ರಲ್ಲಿ ಬಂದ ಕೇಂದ್ರದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನ ವಿಂಟೇಜ್. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಎನ್ನುವುದೇ ಅಲ್ಲಿನ ಕಟ್ಟು. ನೆಲಹಾಸು ಆ ಲೆಕ್ಕಕ್ಕೆ ಬಾರದು. ಸ್ಪರ್ಧೆಗಳಲ್ಲಿ ತೀರ್ಪುಗಾರರು ನೋಡುವುದು ಬೇರೆ ಮಾತು. ನಿಮ್ಮ ಮಾದರಿ ಕಾರ್ಖಾನೆಯಿಂದ ಬರೀ ರಬ್ಬರ್ ಮ್ಯಾಟ್‌ನಲ್ಲಿ ಬಂದಿದ್ದರೆ ಕೆಂಪು ಕಾರ್ಪೆಟ್ಟಿಗೆ ಅಂಕ ಹೋಗುತ್ತದೆ. ನೆಲಕ್ಕೆ ಹೊಸ ತೂತು ಬೇಡವೆಂದಿದ್ದರೆ ಸೀಟಿನ ಮತ್ತು ಸಿಲ್ ಪಟ್ಟಿಯ ಈಗಿರುವ ಸ್ಕ್ರೂಗಳ ಜಾಗದಲ್ಲೇ ಸ್ಟಡ್ ಹೊಂದಿಸಬಹುದೇ ನೋಡಿ. ಸೀಟ್ ಬೋಲ್ಟನ್ನು ಮಾತ್ರ ತೆಗೆದು ಸ್ಟಡ್ ಹಾಕಬೇಡಿ.

ಪ್ರಶ್ನೆ: ತೊಳೆಯುವುದು, ಇಟ್ಟುಕೊಳ್ಳುವುದು ಹೇಗೆ? (ಹಲವು ಓದುಗರು)

ಉತ್ತರ: ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಿಚ್ಚಿ, ನೆಲದ ಮೇಲೆ ಕೈಯಾಡಿಸಿ. ಒದ್ದೆಯಾಗಿದ್ದರೆ ಕಾರ್ಪೆಟ್ಟನ್ನು ಹಗ್ಗದ ಮೇಲೆ ಬೆನ್ನು ಬಿಸಿಲಿಗೆ ಬರುವಂತೆ ಹಾಕಿ. ಎಳೆಯ ಬದಿ ನೇರ ಬಿಸಿಲಿಗೆ ದಿನವಿಡೀ ಬಿದ್ದರೆ ಬಣ್ಣ ಮಾಸುತ್ತದೆ. ನೈಲಾನ್‌ಗೆ ಶಾಂಪೂ ನೀರು, ಮೆತ್ತನೆ ಬ್ರಷ್. ಉಣ್ಣೆಗೆ ತಣ್ಣೀರಷ್ಟೇ, ಅದೂ ಒದ್ದೆ ಬಟ್ಟೆಯಲ್ಲಿ ಒರೆಸುವಷ್ಟು. ಬ್ಲೀಚ್, ಬಟ್ಟೆ ಸೋಡಾ ಎರಡಕ್ಕೂ ಬೇಡ. ಬಟನ್ ಬಿಚ್ಚುವಾಗ ಕಾರ್ಪೆಟ್ಟಿನ ಅಂಚು ಹಿಡಿದು ಜಗ್ಗದೆ, ಬಟನ್‌ನ ಪಕ್ಕದಲ್ಲೇ ಬೆರಳು ಹಾಕಿ ಎತ್ತಿ. ಸ್ಟಡ್ ತಲೆಗೆ ವರ್ಷಕ್ಕೊಮ್ಮೆ ಮೇಣದಬತ್ತಿ ಉಜ್ಜಿದರೆ ಸಾಕು, ಗ್ರೀಸ್ ಹಚ್ಚಿದರೆ ಕಾರ್ಪೆಟ್ಟಿಗೆ ಕಲೆ.

ಕಾರು ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವುದಾದರೆ ಕಾರ್ಪೆಟ್ ಒಳಗೆ ಬಿಡಬೇಡಿ, ಇಲಿಗೆ ಅದಕ್ಕಿಂತ ಒಳ್ಳೆಯ ಗೂಡಿಲ್ಲ. ಪೂರ್ತಿ ಒಣಗಿಸಿ, ಮಡಚದೆ ಎಳೆ ಹೊರಮುಖವಾಗಿ ಸುತ್ತಿ, ಹಳೆ ಹತ್ತಿ ಸೀರೆಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಉಳಿದ ತೇವ ಬೂಸ್ಟಾಗುತ್ತದೆ. ಉಣ್ಣೆಯದಾದರೆ ಸುರುಳಿಯ ಜೊತೆ ನುಸಿಗುಳಿಗೆ ನಾಲ್ಕೈದು ಇರಲಿ, ಆದರೆ ಬಟ್ಟೆಯಲ್ಲಿ ಗಂಟು ಕಟ್ಟಿ. ನೇರವಾಗಿ ತಾಗಿದ ಗುಳಿಗೆಯ ವಾಸನೆ ಮತ್ತೆ ಕಾರಿಗೆ ಹಾಸಿದ ಮೇಲೂ ವಾರಗಟ್ಟಲೆ ಹೋಗದು.